ಸಿಗ್ನಲ್‌ನಲ್ಲಿ ಕೈ ಚಾಚಿದವರಿಗೆ ದುಡ್ಡು ಕೊಡ್ತೀರಾ? ನಿಮ್ಮ ರೂಲ್ ಏನು?

ಬನಶಂಕರಿ ಅಮ್ಮ:
ಸಣ್ಣ ವಿಷಯ, ಆದರೆ ಒಂದು ವಾರದಿಂದ ತಲೆ ತಿನ್ನುತ್ತಿದೆ.

ದಿನಾ ಸಂಜೆ ಮಗನನ್ನು ಕರಾಟೆ ಕ್ಲಾಸಿನಿಂದ ಸ್ಕೂಟರ್‌ನಲ್ಲಿ ಕರೆದುಕೊಂಡು ಬರುತ್ತೇನೆ. ದಾರಿಯಲ್ಲಿ ಒಂದು ದೊಡ್ಡ ಸಿಗ್ನಲ್, ಎರಡು ನಿಮಿಷ ನಿಲ್ಲಲೇಬೇಕು. ಅಲ್ಲಿ ಒಬ್ಬರು ಅಜ್ಜಿ ಇರುತ್ತಾರೆ. ಎಪ್ಪತ್ತರ ಮೇಲಿರಬೇಕು. ಹಸಿರು ಸ್ವೆಟರ್. ಬಲಗಾಲಿಗೆ ಮಾತ್ರ ಹವಾಯಿ ಚಪ್ಪಲಿ, ಎಡಗಾಲಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ದಾರ ಕಟ್ಟಿಕೊಂಡಿರುತ್ತಾರೆ. ಬಾಯಿ ಬಿಟ್ಟು ಏನೂ ಕೇಳುವುದಿಲ್ಲ. ಬಂದು ಪಕ್ಕದಲ್ಲಿ ನಿಲ್ಲುತ್ತಾರೆ, ಅಷ್ಟೆ.

ಸೋಮವಾರ ಹತ್ತು ರೂಪಾಯಿ ಕೊಟ್ಟೆ. ಮಂಗಳವಾರ ಚಿಲ್ಲರೆ ಇರಲಿಲ್ಲ, "ಮುಂದೆ ಹೋಗಮ್ಮ" ಅಂದೆ. ಮಗ ಎರಡನೇ ಕ್ಲಾಸು. "ಅಮ್ಮ, ನಿನ್ನೆ ಅವರಿಗೆ ಹಸಿವಾಗಿತ್ತು, ಇವತ್ತು ಆಗಿಲ್ವಾ?" ಅಂತ ಕೇಳಿದ. ಬುಧವಾರ ಅಜ್ಜಿಯ ಹಿಂದೆಯೇ ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸು, ಅವಳ ಹಿಂದೆ ಪೆನ್ನು ಮಾರುವ ಹುಡುಗ. ಯಾರಿಗೆ ಕೊಡಬೇಕು ಅಂತ ಗೊತ್ತಾಗದೆ ಯಾರಿಗೂ ಕೊಡಲಿಲ್ಲ. ಗುರುವಾರದಿಂದ ಬೇರೆ ರೂಟ್ ಹಿಡಿದಿದ್ದೇನೆ. ಒಂದೂವರೆ ಕಿಲೋಮೀಟರ್ ಜಾಸ್ತಿ. ಹತ್ತು ರೂಪಾಯಿ ಉಳಿಸೋಕೆ ಪೆಟ್ರೋಲ್ ಸುಡ್ತಿದ್ದೀಯ ಅಂತ ನಮ್ಮ ಯಜಮಾನರು ನಗುತ್ತಾರೆ.

ನೀವೆಲ್ಲ ಏನು ಮಾಡುತ್ತೀರಿ? ಉಪದೇಶ ಬೇಡ, ನಿಜವಾಗಿ ಮಾಡೋದನ್ನು ಹೇಳಿ.

ಮೂಲೆ ಅಂಗಡಿ:
ಕೊಡಬೇಡಿ. ಅದೆಲ್ಲ ಮಾಫಿಯಾ. ರಾತ್ರಿ ಆಟೋ ಬಂದು ಎಲ್ಲರನ್ನೂ ಹತ್ತಿಸಿಕೊಂಡು ಹೋಗುತ್ತೆ, ನಾನೇ ಕಣ್ಣಾರೆ ನೋಡಿದ್ದೇನೆ. ನಿಮಗಿಂತ ಜಾಸ್ತಿ ದುಡ್ಡಿರುತ್ತೆ ಅವರ ಹತ್ರ.

ತುಂಗೆಯ ದಡ:
ರಾತ್ರಿ ಕೆಲಸ ಮುಗಿಸಿ ನಾನೂ ಶೇರ್ ಆಟೋ ಹತ್ತುತ್ತೇನೆ. ನಾನೂ ಮಾಫಿಯಾನಾ?

ಮೂಲೆ ಅಂಗಡಿ:
ತಮಾಷೆ ಮಾಡಿ. ಇಪ್ಪತ್ತೆರಡು ವರ್ಷದಿಂದ ಸರ್ಕಲ್ ಪಕ್ಕ ಅಂಗಡಿ ಇಟ್ಟಿದ್ದೇನೆ. ರಾತ್ರಿ ಒಂಬತ್ತಕ್ಕೆ ಚಿಲ್ಲರೆ ಕೊಟ್ಟು ನೋಟು ತಗೊಂಡು ಹೋಗೋರು ಯಾರು ಅಂತ ನನಗೆ ಗೊತ್ತು.

ತುಂಗೆಯ ದಡ:
ದಿನಕ್ಕೆ ಎಷ್ಟು ಎಣಿಸಿ ಕೊಡ್ತಾರೆ ಅಣ್ಣ? ಲಕ್ಷಾಧಿಪತಿ ಭಿಕ್ಷುಕರ ಕಥೆ ಎಲ್ಲರೂ ಹೇಳ್ತಾರೆ. ಎಣಿಸಿ ನೋಡಿದವರು ನೀವೊಬ್ಬರೇ ಸಿಕ್ಕಿದ್ದು.

ಮೂಲೆ ಅಂಗಡಿ:
ಇನ್ನೂರು. ಹಬ್ಬದ ದಿನ ಐನೂರು. ಒಬ್ಬೊಬ್ಬರದ್ದು ಹೇಳ್ತಿದ್ದೀನಿ.

ತುಂಗೆಯ ದಡ:
ಹಾಗಾದ್ರೆ ನಮಗಿಂತ ಜಾಸ್ತಿ ಎಲ್ಲಿ ಬಂತು?

ಕಾನೂನು ಕಟ್ಟೆ:
ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ರಾಜ್ಯದಲ್ಲಿ ಭಿಕ್ಷೆ ಬೇಡುವುದೇ ಅಪರಾಧ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ಹಿಡಿದುಕೊಂಡು ಹೋಗಿ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡಬಹುದು. ಬೆಂಗಳೂರಿನದು ಮಾಗಡಿ ರಸ್ತೆಯಲ್ಲಿದೆ, ಹಳಬರು ಬೆಗ್ಗರ್ಸ್ ಕಾಲೊನಿ ಅಂತಲೇ ಕರೆಯುತ್ತಾರೆ.

ಇನ್ನೊಂದು ಮಜಾ ಇದೆ. ಅದನ್ನೆಲ್ಲ ನಡೆಸುವ ದುಡ್ಡು ನೀವೇ ಕೊಡುತ್ತಿದ್ದೀರಿ. ಆಸ್ತಿ ತೆರಿಗೆಯ ಮೇಲೆ 3% ಭಿಕ್ಷುಕರ ಸೆಸ್ ಇದೆ. ತೆರಿಗೆ ರಸೀದಿಯಲ್ಲಿ ಲೈಬ್ರರಿ ಸೆಸ್ ಪಕ್ಕದಲ್ಲೇ ಇರುತ್ತೆ, ಯಾರೂ ಓದಲ್ಲ.

ಬನಶಂಕರಿ ಅಮ್ಮ:
ಹೌದಾ! ಈಗ ತೆಗೆದು ನೋಡಿದೆ. ನಮ್ಮದು ಎಂಟು ಸಾವಿರ ತೆರಿಗೆ. ಅಂದರೆ 240 ರೂಪಾಯಿ ಆಗಲೇ ಕೊಟ್ಟಾಗಿದೆ!

ಲೆಕ್ಕದ ಪುಸ್ತಕ:
ವರ್ಷಕ್ಕೆ 240. ದಿನಾ ಹತ್ತರಂತೆ ತಿಂಗಳಿಗೆ ಇಪ್ಪತ್ತಾರು ದಿನ ಅಜ್ಜಿಗೆ ಕೊಟ್ಟರೆ 260. ಸರ್ಕಾರಕ್ಕೆ ಒಂದು ವರ್ಷದಲ್ಲಿ ಕೊಟ್ಟದ್ದಕ್ಕಿಂತ ಅಜ್ಜಿಗೆ ಒಂದು ತಿಂಗಳಲ್ಲಿ ಜಾಸ್ತಿ. ಸುಮ್ನೆ ಹೇಳಿದೆ.

ಮೂಲೆ ಅಂಗಡಿ:
ಸೆಸ್ ಕಟ್ಟಿದ ಮೇಲೆ ಮತ್ತೆ ಯಾಕೆ ಕೊಡಬೇಕು? ಕೇಂದ್ರಕ್ಕೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗ್ತಾರೆ. ಊಟ, ಬಟ್ಟೆ, ಮಲಗೋಕೆ ಜಾಗ ಎಲ್ಲ ಇದೆ.

ಕೆಂಪು ಮಣ್ಣು:
2010ರ ಆಗಸ್ಟ್ ನೆನಪಿದೆಯಾ? ಅದೇ ಕೇಂದ್ರದಲ್ಲಿ ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದರು. ದಿನಾ ಪೇಪರ್‌ನಲ್ಲಿ ಅದೇ ಸುದ್ದಿ. ಆಗಿನ ಸಮಾಜ ಕಲ್ಯಾಣ ಸಚಿವರು ಆ ಖಾತೆ ಬಿಡಬೇಕಾಯಿತು. ಈಗ ಸುಧಾರಿಸಿರಬಹುದು, ಇಲ್ಲ ಅನ್ನಲ್ಲ. ಆದರೆ ಆ ಸುದ್ದಿ ಓದಿದವರು ಯಾರೂ ಅಜ್ಜಿಯನ್ನು ವ್ಯಾನ್ ಹತ್ತಿಸಿ ಅಂತ ಅಷ್ಟು ಸುಲಭಕ್ಕೆ ಹೇಳಲ್ಲ.

ಕ್ಲೀನ್ ಸಿಟಿ:
ಇಂದೋರ್ ನೋಡಿ ಕಲಿಯಬೇಕು. 2025ರ ಜನವರಿ 1ರಿಂದ ಅಲ್ಲಿ ಭಿಕ್ಷೆ ಕೊಟ್ಟವರ ಮೇಲೇ ಕೇಸ್. ಕೊಡೋರು ನಿಂತರೆ ಬೇಡೋರು ತಾನಾಗೇ ನಿಲ್ಲುತ್ತಾರೆ.

ಕಾನೂನು ಕಟ್ಟೆ:
ಬೇರೆ ಕಡೆ ಕೋರ್ಟುಗಳು ಉಲ್ಟಾ ಹೇಳಿವೆ. ದೆಹಲಿ ಹೈಕೋರ್ಟ್ 2018ರಲ್ಲಿ ಅಲ್ಲಿಗೆ ಅನ್ವಯವಾಗುತ್ತಿದ್ದ ಭಿಕ್ಷಾಟನೆ ಕಾಯ್ದೆಯ ಹಲವು ಸೆಕ್ಷನ್‌ಗಳನ್ನು ರದ್ದು ಮಾಡಿತು. 2021ರಲ್ಲಿ ಕೋವಿಡ್ ಕಾರಣ ಕೊಟ್ಟು ಭಿಕ್ಷುಕರನ್ನು ರಸ್ತೆಯಿಂದ ತೆಗೆಸಿ ಅಂತ ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಉಳ್ಳವರ ಕಣ್ಣಿನಿಂದ ಇದನ್ನು ನೋಡಲ್ಲ, ಬೇರೆ ದಾರಿ ಇದ್ದರೆ ಯಾರೂ ಬೇಡುವುದಿಲ್ಲ ಅನ್ನೋ ಅರ್ಥದ ಮಾತು ಹೇಳಿತು ಕೋರ್ಟು.

ಕ್ಲೀನ್ ಸಿಟಿ:
ಜಡ್ಜ್ ಸಾಹೇಬರು ನಮ್ಮ ಸಿಗ್ನಲ್‌ನಲ್ಲಿ ನಿಂತು ನೋಡಲಿ.

ಹುಬ್ಬಳ್ಳಿ ಪ್ಯಾಸೆಂಜರ್:
ನಿಂದ್ರಲಿ ಬಿಡ್ರಿ, ಎರಡು ನಿಮಿಷ ಅಲ್ವಾ.

ಹಳೇ ಮೇಷ್ಟ್ರು:
ಎಲ್ಲರ ಮಾತೂ ಓದಿದೆ. ನನ್ನದೊಂದು ಹಳೇ ಕಥೆ.

ನನಗೀಗ ಎಪ್ಪತ್ತೆರಡು. 1966ರಲ್ಲಿ ಎಂಟನೇ ತರಗತಿಗೆ ಮೈಸೂರಿಗೆ ಬಂದೆ. ಅಪ್ಪನಿಗೆ ರೂಮು ಬಾಡಿಗೆ ಕಟ್ಟುವಷ್ಟು ಮಾತ್ರ ಶಕ್ತಿ. ಊಟಕ್ಕೆ ವಾರಾನ್ನ. ವಾರಕ್ಕೆ ಏಳು ಮನೆ, ದಿನಕ್ಕೊಂದು. ಇವತ್ತಿನ ಮಕ್ಕಳಿಗೆ ಆ ಪದವೇ ಗೊತ್ತಿಲ್ಲ.

ಗುರುವಾರದ ಮನೆಯ ತಾಯಿ ನನ್ನನ್ನು ತಮ್ಮ ಮಕ್ಕಳ ಸಾಲಿನಲ್ಲೇ ಕೂರಿಸುತ್ತಿದ್ದರು. ಶನಿವಾರದ ಮನೆಯಲ್ಲಿ ಎಲ್ಲರ ಊಟ ಮುಗಿಯುವ ತನಕ ಜಗಲಿಯಲ್ಲಿ ಕಾಯಬೇಕು. ಒಳಗೆ ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸಿತು ಅಂದರೆ ಇನ್ನು ನನ್ನ ಸರದಿ ಅಂತ ಗೊತ್ತಾಗುತ್ತಿತ್ತು. ಇವತ್ತಿಗೂ ಮನೆಯಲ್ಲಿ ಯಾರಾದರೂ ತಳ ಕೆರೆದರೆ ಎದ್ದು ಆಚೆ ಹೋಗುತ್ತೇನೆ. ನನ್ನ ಹೆಂಡತಿಗೆ ಬಹಳ ವರ್ಷ ಕಾರಣ ಹೇಳಿರಲಿಲ್ಲ.

ಎರಡೂ ಮನೆಯದು ಒಂದೇ ಅನ್ನ. ಆದ್ದರಿಂದ ನನ್ನ ರೂಲ್ ಏನೆಂದರೆ, ಕೊಡುತ್ತೇನೋ ಬಿಡುತ್ತೇನೋ, ಮುಖ ನೋಡಿ ಮಾತಾಡುತ್ತೇನೆ. ಇಲ್ಲದಿದ್ದರೆ "ಇವತ್ತು ಇಲ್ಲಮ್ಮ" ಅನ್ನುತ್ತೇನೆ. ನೊಣ ಓಡಿಸುವ ಹಾಗೆ ಕೈ ಬೀಸುವುದಿಲ್ಲ.

ಕಾನೂನು ಕಟ್ಟೆ:
ಮೇಷ್ಟ್ರೇ, ನೀವು ಕಾಯ್ದೆಯಿಂದ ಪಾರು! ಓದಿಗಾಗಿ ಬೇಡುವ ವಿದ್ಯಾರ್ಥಿಗೆ ಅದರಲ್ಲಿ ವಿನಾಯಿತಿ ಇದೆ. ಧಾರ್ಮಿಕ ವ್ರತಕ್ಕೆ ಅಂತ ಭಿಕ್ಷೆ ಎತ್ತುವವರಿಗೂ ಇದೆ.

ಕೆಂಪು ಮಣ್ಣು:
ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳ್ತೀನಿ. ಆ ಏಳು ಮನೆಯ ಬಾಗಿಲು ನಮ್ಮಪ್ಪನಿಗೆ ತೆರೆಯುತ್ತಿರಲಿಲ್ಲ. ನಿಮ್ಮಷ್ಟೇ ಬಡವರು, ನಿಮ್ಮಷ್ಟೇ ಚುರುಕು. ಜಗಲಿವರೆಗೂ ಬಿಡುತ್ತಿರಲಿಲ್ಲ. ಅಪ್ಪ ಓದಿದ್ದು ಸಿದ್ಧಗಂಗಾ ಮಠದಲ್ಲಿ. ಆ ಮಕ್ಕಳ ಊಟಕ್ಕೆ ಶಿವಕುಮಾರ ಸ್ವಾಮೀಜಿಯವರು ಹಳ್ಳಿ ಹಳ್ಳಿ ತಿರುಗಿ ದವಸ ಎತ್ತಿ ತರುತ್ತಿದ್ದರು. ಅದೂ ಭಿಕ್ಷೆಯೇ ಅಲ್ವಾ? ನಾವು ಯಾರಿಗೆ ಕೊಡ್ತೀವಿ ಅನ್ನೋದರಲ್ಲಿ ಯಾರು ನಮ್ಮ ಥರ ಕಾಣ್ತಾರೆ ಅನ್ನೋದೂ ಸೇರಿಕೊಂಡಿರುತ್ತೆ.

ಹಳೇ ಮೇಷ್ಟ್ರು:
ನಿಜ. ಅದು ನನಗೆ ಹೊಳೆದದ್ದೇ ಕೆಲಸಕ್ಕೆ ಸೇರಿದ ಮೇಲೆ, ನನ್ನ ಕ್ಲಾಸಿನ ಹುಡುಗರು ಮಧ್ಯಾಹ್ನ ನಲ್ಲಿ ನೀರು ಕುಡಿದು ಬರುವುದು ನೋಡಿದಾಗ. ತಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಪುಟಾಣಿ ಪಾಪು:
ಮಕ್ಕಳ ಕೈಗೆ ಮಾತ್ರ ದುಡ್ಡು ಕೊಡಬೇಡಿ, ದಯವಿಟ್ಟು. ಅಜ್ಜಿಗೆ ಕೊಡಿ, ಕೈಲಾಗದವರಿಗೆ ಕೊಡಿ. ಮಗು ದುಡಿದು ತರುತ್ತೆ ಅಂತಾದರೆ ಅದನ್ನು ಶಾಲೆಗೆ ಯಾರು ಕಳಿಸ್ತಾರೆ? ಮಕ್ಕಳನ್ನು ಭಿಕ್ಷೆಗೆ ಇಳಿಸಿದವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲು ಇದೆ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಕಟ್ ಆಗಲ್ಲ. ನಾನು ಎರಡು ಸಲ ಮಾಡಿದ್ದೇನೆ. ಮಗುವಿಗೆ ಅಂದಾಜು ಎಷ್ಟು ವರ್ಷ, ಜೊತೆಗೆ ಯಾರಿದ್ದಾರೆ, ಹತ್ತಿರದ ಗುರುತು ಏನು ಅಂತ ಕೇಳಿದರು. ಗುರುತಿಗೆ "ದೊಡ್ಡ ಹೋಟೆಲ್ ಎದುರು" ಅಂತ ಹೇಳಬೇಡಿ, ಮೆಟ್ರೋ ಕಂಬದ ನಂಬರ್ ಹೇಳಿ. ಇದು ನನ್ನ ಅನುಭವ.

ನೈಟ್ ಶಿಫ್ಟ್:
ಕಂಬದ ನಂಬರ್ ಐಡಿಯಾ ಸೂಪರ್. ಫುಡ್ ಡೆಲಿವರಿಗೂ ಇನ್ಮೇಲೆ ಅದನ್ನೇ ಹೇಳ್ತೀನಿ.

ಮೂಲೆ ಅಂಗಡಿ:
ಕಂಕುಳಲ್ಲಿ ಮಲಗಿರೋ ಮಗು ಯಾವತ್ತಾದರೂ ಎದ್ದು ಅತ್ತಿದ್ದು ನೋಡಿದ್ದೀರಾ? ಮಧ್ಯಾಹ್ನ ಎರಡು ಗಂಟೆ ಬಿಸಿಲು, ಬಸ್ ಹಾರ್ನ್, ಆದರೂ ನಿದ್ದೆ. ಅದು ಹೇಗೆ?

ಪುಟಾಣಿ ಪಾಪು:
ಇದೊಂದಕ್ಕೆ ನಿಮ್ಮ ಜೊತೆ ನಾನಿದ್ದೇನೆ ಅಣ್ಣ. ನನಗೂ ಅದೇ ಭಯ. ಆದರೆ ಎಲ್ಲ ಮಕ್ಕಳಿಗೂ ಔಷಧಿ ಹಾಕಿರ್ತಾರೆ ಅಂತ ಹೇಳಕ್ಕೂ ಆಗಲ್ಲ. ಹೊಟ್ಟೆಗಿಲ್ಲದ ಮಗುವೂ ಹಾಗೇ ಬಿದ್ದುಕೊಂಡಿರುತ್ತೆ.

ಅನ್ನಪೂರ್ಣ:
ದುಡ್ಡು ಬೇಡ, ಊಟ ಕೊಡಿ. ನಾನು ಗಾಡಿಯಲ್ಲಿ ಯಾವಾಗಲೂ ಬಿಸ್ಕೆಟ್ ಪ್ಯಾಕೆಟ್ ಇಟ್ಟಿರ್ತೀನಿ. ಕುಡಿತಕ್ಕೆ ಹೋಗಲ್ಲ, ಮನಸ್ಸಿಗೂ ಸಮಾಧಾನ.

ಬೇಕರಿ ಹುಡುಗ:
ಅಕ್ಕ, ಕಾಲೇಜು ಓದುವಾಗ ಬೇಕರಿಯಲ್ಲಿ ಕೆಲಸ ಮಾಡಿದ್ದೆ. ಸಂಜೆ ಅದೇ ಪ್ಯಾಕೆಟ್‌ಗಳು ವಾಪಸ್ ಬರುತ್ತಿದ್ದವು. ಐದು ರೂಪಾಯಿದಕ್ಕೆ ಮೂರು ರೂಪಾಯಿ ಕೊಡುತ್ತಿದ್ದೆವು. ಮೋಸ ಅಂತ ಅಲ್ಲ. ದಿನಕ್ಕೆ ಹದಿನೈದು ಪ್ಯಾಕೆಟ್ ಬಿಸ್ಕೆಟ್ ಯಾರು ತಿಂತಾರೆ ಹೇಳಿ? ಅವರಿಗೂ ಸೋಪು ಬೇಕು, ಮಾತ್ರೆ ಬೇಕು, ಶೌಚಾಲಯಕ್ಕೆ ಹೋಗಬೇಕಾದರೆ ಐದು ರೂಪಾಯಿ ಬೇಕು.

ಅನ್ನಪೂರ್ಣ:
ಅಯ್ಯೋ, ಇದು ಗೊತ್ತಿರಲಿಲ್ಲ. ಒಬ್ಬ ತಾತ ಮಾತ್ರ ಒಮ್ಮೆ "ಬೇಡ ತಾಯಿ, ಶುಗರ್ ಇದೆ" ಅಂದಿದ್ದರು. ನಾನು ಕೊಬ್ಬು ಅಂದುಕೊಂಡಿದ್ದೆ. ನಮ್ಮ ಮಾವನಿಗೂ ಶುಗರ್ರೇ, ಅವರಿಗೆ ಬಿಸ್ಕೆಟ್ ಮುಟ್ಟಕ್ಕೂ ಬಿಡಲ್ಲ ನಾನು.

ನೈಟ್ ಶಿಫ್ಟ್:
ಇಂದಿರಾ ಕ್ಯಾಂಟೀನ್ ಹತ್ತಿರ ಇದ್ದರೆ ಅದು ಬೆಸ್ಟ್. 2017ರಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ. ಟೋಕನ್ ತೆಗೆಸಿ ಕೈಗೆ ಕೊಟ್ಟುಬಿಡ್ತೀನಿ. ಹಸಿವಾಗಿದ್ದವರು ಬರ್ತಾರೆ.

ಕುಂದಾಪ್ರ ಭಟ್ರು:
ಮಂಗಳಮುಖಿಯರ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ಚಪ್ಪಾಳೆ ತಟ್ಟಿ ತಲೆ ಮೇಲೆ ಕೈಯಿಟ್ಟು ಕೇಳಿದರೆ ನನಗೆ ಹೆದರಿಕೆ. ಗೃಹಪ್ರವೇಶಕ್ಕೆ ಬಂದು ಐದು ಸಾವಿರ ಕೇಳಿದರು ಮಾರಾಯ್ರೆ! ಅದು ಭಿಕ್ಷೆಯಾ, ವಸೂಲಿಯಾ?

ನೈಟ್ ಶಿಫ್ಟ್:
ಐದು ಸಾವಿರ ಜಾಸ್ತಿಯೇ, ಒಪ್ತೀನಿ. ಆದರೆ ನಮ್ಮ ಆಫೀಸಿಗೆ ಒಬ್ಬರು ಸೇರಿದ್ದಾರೆ, ಓದಿದವರು, ಕೆಲಸದಲ್ಲಿ ಗಟ್ಟಿ. ಎರಡು ತಿಂಗಳು ಮನೆ ಹುಡುಕಿದರು. ಫೋನ್‌ನಲ್ಲಿ ಎಲ್ಲ ಸರಿ, ಮುಖ ನೋಡಿದ ಮೇಲೆ "ಬೇರೆಯವರಿಗೆ ಆಗಿಹೋಯ್ತು". 2021ರಲ್ಲಿ ನಮ್ಮ ಸರ್ಕಾರ ನೌಕರಿಯಲ್ಲಿ 1% ಮೀಸಲಾತಿ ಕೊಟ್ಟಿತು, ಒಳ್ಳೇದೇ. ಮನೆ ಬಾಡಿಗೆಗೆ ಯಾರು ಮೀಸಲಾತಿ ಕೊಡ್ತಾರೆ?

ಕುಂದಾಪ್ರ ಭಟ್ರು:
ಹೌದು, ಅದೂ ಉಂಟು. ಆದರೂ ಐದು ಸಾವಿರ!

ಲೆಕ್ಕದ ಪುಸ್ತಕ:
ಕೊನೆಗೆ ಎಷ್ಟಕ್ಕೆ ಮುಗೀತು?

ಕುಂದಾಪ್ರ ಭಟ್ರು:
ಸಾವಿರದ ಒಂದು ಮತ್ತು ಹೋಳಿಗೆ. ಹರಸಿ ಹೋದರು. ಮನೆಯಲ್ಲಿ ಈವರೆಗೆ ಎಲ್ಲ ಚಂದವೇ ಇದೆ.

ಹುಬ್ಬಳ್ಳಿ ಪ್ಯಾಸೆಂಜರ್:
ನಾನು ವಾರಕ್ಕೊಮ್ಮೆ ಟ್ರೇನಿನ್ಯಾಗ ಹೋಗಾಂವ. ಒಬ್ಬ ಕಣ್ಣಿಲ್ಲದ ಅಜ್ಜ ತತ್ವಪದ ಹಾಡಿಕೋತ ಬರ್ತಾನ. ಕೈಯಾಗ ದಮ್ಮಡಿ ಒಂದ. ಬೋಗಿ ಪೂರ್ತಿ ಸುಮ್ಮನಾಗತೈತಿ. ಕಾನೂನಿನ ಪ್ರಕಾರ ರೈಲಿನಾಗ ಭಿಕ್ಷೆ ಬೇಡಾಕ ಬಿಡಂಗಿಲ್ಲ ಅಂತ ಗೊತ್ತೈತಿ. ಆದರ ನಾವು ಐನೂರು ಕೊಟ್ಟು ಹಾಡು ಕೇಳಾಕ ಹೋದರ ಅದಕ್ಕ ಕಛೇರಿ ಅಂತೀವಿ, ಇಂವಾ ಹಾಡಿದರ ಭಿಕ್ಷೆ. ನಾನು ಇಪ್ಪತ್ತು ಕೊಡ್ತೀನಿ, ಟಿಕೆಟ್ ಅಂತ ತಿಳ್ಕೊಂಡು.

ತುಂಗೆಯ ದಡ:
ನಮ್ಮ ಊರಿಗೆ ಕೋಲೆ ಬಸವ, ಬುಡಬುಡಿಕೆ, ಹೆಳವರು ಎಲ್ಲ ಬರುತ್ತಿದ್ದರು. ಹೆಳವರು ನಮ್ಮ ಮುತ್ತಜ್ಜನ ಅಪ್ಪನ ಹೆಸರಿನಿಂದ ಹಿಡಿದು ವಂಶ ಪೂರ್ತಿ ಒಪ್ಪಿಸಿ ಭತ್ತ ತಗೊಂಡು ಹೋಗುತ್ತಿದ್ದರು. ಅವರನ್ನು ಭಿಕ್ಷುಕರು ಅಂದಿದ್ದರೆ ಅಜ್ಜಿ ಕೆನ್ನೆಗೆ ಬಿಡುತ್ತಿದ್ದರು. ಈಗ ಅದೇ ಬಸವ ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ ಬಂದರೆ ಸೆಕ್ಯೂರಿಟಿ ಓಡಿಸುತ್ತಾನೆ.

ಲಂಡನ್ ಲಕ್ಷ್ಮಿ:
ಇಲ್ಲೂ ಇದೇ ತಲೆನೋವು ಕಣ್ರೀ, ಚಳಿ ಬೇರೆ. ಇಲ್ಲಿ ಬಿಗ್ ಇಶ್ಯೂ ಅಂತ ಒಂದು ಪತ್ರಿಕೆ ಇದೆ, 1991ರಿಂದ. ಮನೆಯಿಲ್ಲದವರು ಅದನ್ನು ಕಡಿಮೆ ಬೆಲೆಗೆ ಕೊಂಡು ರಸ್ತೆಯಲ್ಲಿ ನಿಂತು ಮಾರುತ್ತಾರೆ, ಉಳಿದ ದುಡ್ಡು ಅವರದು. ನಾನು ಕೊಳ್ಳುತ್ತೇನೆ. ಓದುತ್ತೇನಾ ಅಂತ ಕೇಳಬೇಡಿ.

ಮೂಲೆ ಅಂಗಡಿ:
ನಮ್ಮಲ್ಲೂ ಇದೆಯಲ್ಲ. ಸಿಗ್ನಲ್‌ನಲ್ಲಿ ಕಾರು ಒರೆಸೋ ಬಟ್ಟೆ, ಇಯರ್ ಬಡ್ಸ್, ಬಲೂನು. ಅವರ ಹತ್ರ ಕೊಂಡುಕೊಳ್ಳಿ, ನಾನು ಬೇಡ ಅನ್ನಲ್ಲ. ಚೌಕಾಸಿ ಮಾತ್ರ ಮಾಡಬೇಡಿ.

ಹಾಸನದ ಬಸ್ಸು:
ನಾನು ಸಾಮಾನ್ಯವಾಗಿ ಬರೆಯಲ್ಲ. ಇದನ್ನು ಹೇಳಲೇಬೇಕು ಅನ್ನಿಸಿತು.

2009ರಲ್ಲಿ ಇಂಟರ್‌ವ್ಯೂಗೆ ಬೆಂಗಳೂರಿಗೆ ಬಂದಿದ್ದೆ. ವಾಪಸ್ ಹೋಗುವಾಗ ಮೆಜೆಸ್ಟಿಕ್‌ನಲ್ಲಿ ಪರ್ಸ್ ಹೋಯಿತು. ಮೊಬೈಲ್ ಚಾರ್ಜ್ ಸತ್ತಿತ್ತು. ರಾತ್ರಿ ಒಂಬತ್ತೂವರೆ. "ಸಾರ್, ಪರ್ಸ್ ಕಳೆದುಹೋಗಿದೆ, ಹಾಸನಕ್ಕೆ ಹೋಗಬೇಕು, ಬಸ್ ಚಾರ್ಜ್ ಬೇಕು." ಈ ಡೈಲಾಗ್ ನೀವೆಲ್ಲ ಕೇಳಿದ್ದೀರಿ. ನಾನೂ ಕೇಳಿದ್ದೆ, ನಕ್ಕಿದ್ದೆ. ಅವತ್ತು ಅದನ್ನೇ ಹೇಳಬೇಕಾಯಿತು, ಯಾಕೆಂದರೆ ಆಗಿದ್ದೂ ಅದೇ. ಹೇಳುವಾಗ ನನಗೇ ಸುಳ್ಳು ಅನ್ನಿಸುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಫೈಲು. ಮಾರ್ಕ್ಸ್ ಕಾರ್ಡ್ ತೆಗೆದು ತೋರಿಸಿದೆ. ಒಬ್ಬರು "ಈಗ ಇವನ್ನೂ ಪ್ರಿಂಟ್ ಹಾಕಿಸ್ತಾರೆ" ಅಂದರು.

ಕೊಟ್ಟವರು ಯಾರು ಗೊತ್ತಾ? ಪ್ಲಾಟ್‌ಫಾರ್ಮ್‌ನಲ್ಲಿ ಕಡ್ಲೆಕಾಯಿ ಮಾರುತ್ತಿದ್ದ ಹೆಂಗಸು. ಒಂದು ನೂರರ ನೋಟು, ಮೇಲೆ ಒಂದು ಪೊಟ್ಟಣ ಕಡ್ಲೆಕಾಯಿ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ ಮೂರು ಸಲ ಹುಡುಕಿದೆ, ಸಿಗಲಿಲ್ಲ.

ಈಗ ಯಾರಾದರೂ ಪರ್ಸ್ ಕಥೆ ಹೇಳಿದರೆ ಕೊಟ್ಟುಬಿಡುತ್ತೇನೆ. ಹತ್ತರಲ್ಲಿ ಒಂಬತ್ತು ಮೋಸವೇ ಇರಬಹುದು.

ಕ್ಲೀನ್ ಸಿಟಿ:
ಸರಿ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದರೆ ನೀವು ಒಂದು ದಿನ ಕೇಳಿದಿರಿ. ದಿನಾ ಕೇಳೋದು ಬೇರೆ.

ಬನಶಂಕರಿ ಅಮ್ಮ:
ಇಷ್ಟೊಂದು ಜನ ಬರೆದಿರಿ, ಥ್ಯಾಂಕ್ಸ್. ಒಂದು ಅಪ್‌ಡೇಟ್.

ಸೋಮವಾರ ಮತ್ತೆ ಹಳೇ ರೂಟಿನಲ್ಲೇ ಹೋದೆ. ಗಾಡಿ ಪಕ್ಕಕ್ಕೆ ಹಾಕಿ ಅಜ್ಜಿ ಜೊತೆ ಮಾತಾಡಿದೆ. ರಾಯಚೂರು ಕಡೆಯವರು. ಮಗ, ಸೊಸೆ ಕಟ್ಟಡದ ಕೆಲಸಕ್ಕೆ ಬಂದವರು. ಇವರು ಶೆಡ್‌ನಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಸೊಸೆ ಕೆಲಸದಿಂದ ಬಂದ ಮೇಲೆ ಸಂಜೆ ಎರಡು ಗಂಟೆ ಹೊತ್ತು ಇಲ್ಲಿಗೆ ಬಂದು ನಿಲ್ಲುತ್ತಾರೆ. ಮಗನಿಗೆ ಗೊತ್ತಿಲ್ಲವಂತೆ! ಅವನಿಗೆ ಹೇಳಬೇಡ ಅಂತ ನನ್ನ ಕೈ ಹಿಡಿದುಕೊಂಡರು. ನನಗೆ ಅವರ ಮಗ ಯಾರು ಅಂತಲೇ ಗೊತ್ತಿಲ್ಲ.

ಮಂಗಳವಾರ ಒಂದು ಜೊತೆ ಚಪ್ಪಲಿ ತೆಗೆದುಕೊಂಡು ಹೋಗಿ ಕೊಟ್ಟೆ. ಖುಷಿಯಾದರು. ಬುಧವಾರ ಹೋದರೆ ಮತ್ತೆ ಅದೇ ಪ್ಲಾಸ್ಟಿಕ್ ಕವರ್. ಚಪ್ಪಲಿ ಎಲ್ಲಿ ಅಜ್ಜಿ ಅಂದೆ. ಕೈಚೀಲ ತೆರೆದು ತೋರಿಸಿದರು, ಒಳಗೆ ಪೇಪರ್ ಸುತ್ತಿ ಇಟ್ಟಿದ್ದಾರೆ. "ಹೊಸ ಚಪ್ಪಲಿ ಹಾಕ್ಕೊಂಡು ನಿಂತ್ರ ಯಾರು ಕೊಡ್ತಾರವ್ವ? ಮನಿಗೆ ಹೋಗುವಾಗ ಹಾಕ್ಕೋತೀನಿ" ಅಂದರು.

ಮೂಲೆ ಅಂಗಡಿ:
ನೋಡಿದ್ರಾ! ಹೇಳಿದ್ನಲ್ಲ! ನಾಟಕ!

ಹಾಸನದ ಬಸ್ಸು:
ಇಂಟರ್‌ವ್ಯೂಗೆ ನಾನು ಇಸ್ತ್ರಿ ಶರ್ಟ್ ಹಾಕಿದ್ದೆ ಅಣ್ಣ. ಅದನ್ನು ಯಾರೂ ನಾಟಕ ಅನ್ನಲಿಲ್ಲ.

ಪುಟಾಣಿ ಪಾಪು:
ಅಜ್ಜಿಗೆ 65 ದಾಟಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಾ ಕೇಳಿ. ತಿಂಗಳಿಗೆ 1200. ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಆಧಾರ್, ಬ್ಯಾಂಕ್ ಪಾಸ್‌ಬುಕ್ ಇದೆಯಾ?

ಬನಶಂಕರಿ ಅಮ್ಮ:
ಆಧಾರ್ ಊರಲ್ಲಿ ಟ್ರಂಕಿನಲ್ಲಿದೆ ಅಂದರು. ಟ್ರಂಕಿನ ಬೀಗದ ಕೈ ಮಗಳ ಹತ್ತಿರ. ಮಗಳ ಜೊತೆ ಮಾತು ಬಿಟ್ಟು ಎರಡು ವರ್ಷ ಆಯಿತಂತೆ.

ತುಂಗೆಯ ದಡ:
ಸಿಗ್ನಲ್‌ನಿಂದ ಶುರುವಾಗಿ ಮನೆ ಜಗಳಕ್ಕೆ ಬಂತು ನೋಡಿ!

ಕಾನೂನು ಕಟ್ಟೆ:
ಆಧಾರ್ ನಂಬರ್ ಮರೆತಿದ್ದರೂ ಬೆರಳಚ್ಚು ಕೊಟ್ಟು ಆಧಾರ್ ಕೇಂದ್ರದಲ್ಲಿ ವಿಚಾರಿಸಬಹುದು. ಕರೆದುಕೊಂಡು ಹೋಗಲು ಒಬ್ಬರು ಜೊತೆಗೆ ಬೇಕು, ಅಷ್ಟೇ. ಶನಿವಾರ ಆದರೆ ನಾನು ಬರುತ್ತೇನೆ.

ಬನಶಂಕರಿ ಅಮ್ಮ:
ಅಜ್ಜಿಯನ್ನು ಕೇಳಿ ಹೇಳ್ತೀನಿ. ಅವರು ಒಪ್ಪಬೇಕಲ್ಲ. ಅಲ್ಲಿವರೆಗೆ ದಿನಾ ಹತ್ತು ಅಂತ ಮಗನೇ ತೀರ್ಮಾನ ಮಾಡಿದ್ದಾನೆ. ಆದರೆ ಚಿಲ್ಲರೆದೇ ಕಷ್ಟ. ಈಗೆಲ್ಲ ಫೋನ್‌ಪೇ, ಕೈಯಲ್ಲಿ ಕಾಸೇ ಇರಲ್ಲ.

ಮೂಲೆ ಅಂಗಡಿ:
ಹತ್ತರ ಕಾಯಿನ್ ಬೇಕಾದರೆ ನಮ್ಮ ಅಂಗಡಿಗೆ ಬನ್ನಿ. ಗಿರಾಕಿಗಳು ಬೇಡ ಅಂತಾರೆ, ಡಬ್ಬಿ ತುಂಬಾ ಬಿದ್ದಿದೆ. ಚೆಲ್ಲೋ ಕಾಸಲ್ಲ, ಚೆನ್ನಾಗೇ ನಡೆಯುತ್ತೆ.

ಬನಶಂಕರಿ ಅಮ್ಮ:
ಅಜ್ಜಿ ತಗೋತಾರಾ ಅದನ್ನ?

ಮೂಲೆ ಅಂಗಡಿ:
ತಗೊಳ್ಳದೇ ಇದ್ದರೆ ನನ್ನ ಹತ್ರ ಕಳಿಸಿ. ನೋಟು ಕೊಡ್ತೀನಿ.